ಕಡಿಮೆ ತಿರುವಿನ ದಾರಿ ತೋರಿಸುವಂತೆ ಮ್ಯಾಪನ್ನು ಹೊಂದಿಸುವುದು

ಜಯನಗರದಂಥ ಚೌಕಳಿ ಬಡಾವಣೆಯಲ್ಲಿ ಒಂದು ಮೂಲೆಯಿಂದ ಎದುರು ಮೂಲೆಗೆ ಹೋಗಬೇಕು. ಪೂರ್ವಕ್ಕೆ ಐದು ಚೌಕ, ಉತ್ತರಕ್ಕೆ ಐದು ಚೌಕ ಎಂದಿಟ್ಟುಕೊಳ್ಳಿ. ಹಿಂದಕ್ಕೆ ಬರದೆ ಸಾಗುವ ದಾರಿಗಳು ಒಟ್ಟು 252, ಎಲ್ಲವೂ ಒಂದೇ ಉದ್ದ. ಆದರೆ ಒಂದು ದಾರಿಯಲ್ಲಿ ಒಂದೇ ತಿರುವು, ಇನ್ನೊಂದರಲ್ಲಿ ಒಂಬತ್ತು. ತಿರುವಿಗೆ ಬೆಲೆ ಕಟ್ಟದ ಲೆಕ್ಕಾಚಾರಕ್ಕೆ ಇವೆರಡೂ ಸಮ. ಎಲ್ಲೋ ಅರ್ಧ ಸೆಕೆಂಡ್ ಉಳಿದರೂ ಅದು ಒಂಬತ್ತು ತಿರುವಿನದನ್ನೇ ಆರಿಸುತ್ತದೆ. ಪ್ರತಿ ತಿರುವಿಗೂ ಇಷ್ಟು ಸೆಕೆಂಡ್ ಎಂದು ದಂಡ ಹಾಕುವುದೇ ಇದಕ್ಕೆ ಪರಿಹಾರ.

ಗೂಗಲ್ ಮ್ಯಾಪ್ಸ್‌ನಲ್ಲಿ ಆ ದಂಡವನ್ನು ನಾವು ಬದಲಿಸುವಂತಿಲ್ಲ. ಕಂಪ್ಯೂಟರಿನಲ್ಲಾದರೆ ನೀಲಿ ಗೆರೆಯನ್ನು ಹಿಡಿದು ಮುಖ್ಯರಸ್ತೆಗೆ ಎಳೆಯಬಹುದು. ಮೊಬೈಲಿನಲ್ಲಿ ‘ಆ್ಯಡ್ ಸ್ಟಾಪ್’ ಒತ್ತಿ, ನಿಮಗೆ ಬೇಕಾದ ರಸ್ತೆಯ ಮೇಲೆ ಒಂದು ನಿಲುಗಡೆ ಸೇರಿಸಿ. ಜನ ಎಡವುವುದು ಇಲ್ಲೇ. ಡಿವೈಡರ್ ಇರುವ ರಸ್ತೆಯಲ್ಲಿ ಪಿನ್ ಎದುರು ಬದಿಗೆ ಬಿದ್ದರೆ ಮ್ಯಾಪ್ ನಿಮ್ಮನ್ನು ಮುಂದೆ ಕಳಿಸಿ, ಯೂ ಟರ್ನ್ ಹೊಡೆಸಿ, ಮತ್ತೆ ವಾಪಸ್ ತಿರುಗಿಸುತ್ತದೆ. ಆದ್ದರಿಂದ ಪೂರ್ತಿ ಝೂಮ್ ಮಾಡಿ, ನೀವು ಸಾಗುವ ಬದಿಯಲ್ಲೇ, ಜಂಕ್ಷನ್ ದಾಟಿ ಇನ್ನೂರು ಮೀಟರ್ ಆಚೆ ಪಿನ್ ಇಡಿ. ಜಂಕ್ಷನ್ನಿನ ನಡುವೆ ಬೇಡ. ಅಲ್ಲಿ ಫ್ಲೈಓವರಿನ ಮೇಲೋ ಕೆಳಗೋ ಎಂಬ ಗೊಂದಲವೂ ಸೇರಿಕೊಳ್ಳುತ್ತದೆ. ಕಾರಿನಲ್ಲಿ ಹೊರಟಿದ್ದರೆ ಬೈಕ್ ಗುರುತು ಆಯ್ಕೆಯಾಗಿಲ್ಲ ಎಂಬುದನ್ನೂ ನೋಡಿಕೊಳ್ಳಿ. ದ್ವಿಚಕ್ರದ ಲೆಕ್ಕ ಕಾರು ನುಗ್ಗದ ಓಣಿಗಳನ್ನೂ ದಾರಿ ಎಂದೇ ಎಣಿಸಬಹುದು.

ದಂಡವನ್ನು ನೀವೇ ನಿಗದಿ ಮಾಡಬೇಕಿದ್ದರೆ ಯಾರು ಬೇಕಾದರೂ ತಿದ್ದಬಹುದಾದ ಮುಕ್ತ ನಕ್ಷೆ ಓಪನ್‌ಸ್ಟ್ರೀಟ್‌ಮ್ಯಾಪ್‌ನ ಮಾಹಿತಿ ಬಳಸಿ ದಾರಿ ಹುಡುಕುವ ತಂತ್ರಾಂಶ, ವಲ್ಹಲ್ಲಾ ಎಂಜಿನ್ ಒಳ್ಳೆಯದು. ಅದರಲ್ಲಿ ‘ಮನೂವರ್ ಪೆನಾಲ್ಟಿ’ ಎಂಬ ಅಂಕಿ ಇದೆ. ಒಂದು ಹೆಸರಿನ ರಸ್ತೆಯಿಂದ ಬೇರೆ ಹೆಸರಿನ ರಸ್ತೆಗೆ ಹೊರಳಿದಾಗಲೆಲ್ಲ ಅಷ್ಟು ಸೆಕೆಂಡ್ ಸೇರುತ್ತದೆ; ಬದಲಿಸದಿದ್ದರೆ 5. ಲೆಕ್ಕ ಹೀಗೆ: ಒಂದು ದಾರಿ 20 ನಿಮಿಷ, 14 ಹೊರಳು; ಇನ್ನೊಂದು 21 ನಿಮಿಷ, 4 ಹೊರಳು. ದಂಡ 5 ಇದ್ದಾಗ ಮೊದಲನೆಯದು 1270 ಸೆಕೆಂಡ್, ಎರಡನೆಯದು 1280, ಹಾಗಾಗಿ ಸುತ್ತಿ ಬಳಸುವ ದಾರಿಯೇ ಗೆಲ್ಲುತ್ತದೆ. 15 ಮಾಡಿದರೆ 1410 ಮತ್ತು 1320. ನೇರ ದಾರಿ ಮೇಲೆ ಬರುತ್ತದೆ. ಈ ದಂಡ ಆಯ್ಕೆಗಷ್ಟೇ, ತೋರಿಸುವ ಪ್ರಯಾಣದ ಅವಧಿಗೆ ಸೇರುವುದಿಲ್ಲ. ಹಾಗಾಗಿ ನೇರ ದಾರಿಗೆ ನಿಜಕ್ಕೂ ಎಷ್ಟು ನಿಮಿಷ ಹೆಚ್ಚು ಎಂಬುದು ಕಣ್ಣೆದುರೇ ಇರುತ್ತದೆ.

ಒಮ್ಮೆಲೇ ಏರಿಸಬೇಡಿ. 5, 15, 30 ಎಂದು ಹೆಚ್ಚಿಸುತ್ತ ಪ್ರತಿ ಸಲವೂ ಸೂಚನೆಗಳ ಸಂಖ್ಯೆ ಮತ್ತು ಅವಧಿ ಬರೆದುಕೊಳ್ಳಿ. ಸೂಚನೆ ಅರ್ಧಕ್ಕಿಳಿದು ಅವಧಿ ಹತ್ತನೇ ಒಂದು ಪಾಲಿಗಿಂತ ಹೆಚ್ಚು ಬೆಳೆಯದಿದ್ದರೆ ಅಲ್ಲೇ ನಿಲ್ಲಿಸಿ. ಇನ್ನೂ ಏರಿಸಿದರೆ ಹತ್ತಿರದ ಊರಿಗೂ ರಿಂಗ್ ರೋಡ್ ಸುತ್ತಿಸುವ ಸ್ಥಿತಿ ಬರುತ್ತದೆ. ‘ಶಾರ್ಟೆಸ್ಟ್’ ಆಯ್ಕೆಯನ್ನು ಮಾತ್ರ ಮುಟ್ಟಬೇಡಿ: ಅದನ್ನು ಹಾಕಿದೊಡನೆ ಉಳಿದ ದಂಡಗಳೆಲ್ಲ ರದ್ದಾಗಿ, ದೂರವೊಂದೇ ಲೆಕ್ಕಕ್ಕೆ ಉಳಿಯುತ್ತದೆ.

ಇಷ್ಟು ಮಾಡಿಯೂ ದಾರಿ ವಿಚಿತ್ರವಾಗಿ ಬಂದರೆ ನಕ್ಷೆಯಲ್ಲಿನ ಹೆಸರುಗಳನ್ನು ಪರೀಕ್ಷಿಸಿ. ದಂಡ ನಿಂತಿರುವುದೇ ಹೆಸರಿನ ಮೇಲೆ. ಕನಕಪುರ ರಸ್ತೆಯನ್ನೇ ತೆಗೆದುಕೊಳ್ಳಿ: ಒಂದು ತುಂಡಿಗೆ ‘ಕನಕಪುರ ರೋಡ್’, ಮುಂದಿನದಕ್ಕೆ ‘ಕನಕಪುರ ಮೇನ್ ರೋಡ್’ ಎಂದು ಯಾರಾದರೂ ಬರೆದಿಟ್ಟರೆ, ಸ್ಟೀರಿಂಗ್ ಅಲುಗದಿದ್ದರೂ ಎಂಜಿನ್ ಹೊರಳು ಎಂದೇ ಎಣಿಸುತ್ತದೆ. ದಂಡ ಹೆಚ್ಚಿಸಿದಷ್ಟೂ ಆ ನೇರ ರಸ್ತೆಗೇ ಪೆಟ್ಟು. ಹೆದ್ದಾರಿ ಸಂಖ್ಯೆಯೂ ಹೆಸರಾಗಿಯೇ ಲೆಕ್ಕಕ್ಕೆ ಬರುವುದರಿಂದ, ಆ ಹೆದ್ದಾರಿಗೆ ಸೇರಿದ ಎಲ್ಲ ತುಂಡುಗಳ ‘ರೆಫ್’ ಟ್ಯಾಗಿನಲ್ಲೂ (ರಸ್ತೆ ಸಂಖ್ಯೆ ಬರೆಯುವ ಜಾಗ) ರಾಷ್ಟ್ರೀಯ ಹೆದ್ದಾರಿ 948 ಎಂಬುದು ಒಂದೇ ರೂಪದಲ್ಲಿದ್ದರೆ ಸಾಕು. ಅದರ ಹಳೆಯ ಸಂಖ್ಯೆ 209 ಎಲ್ಲಾದರೂ ಉಳಿದಿದ್ದರೆ ತಿದ್ದಿ. ಇದು ಎಲ್ಲ ಬಳಕೆದಾರರಿಗೂ ಉಪಕಾರವಾಗುವ ಕೆಲಸ, ಬೇಸರಿಸದೆ ಮಾಡಿ.

ಸ್ವಂತ ಸರ್ವರಿನಲ್ಲಿ ಓಎಸ್‌ಆರ್‌ಎಂ ಎಂಬ ಇನ್ನೊಂದು ದಾರಿ ಹುಡುಕುವ ಎಂಜಿನ್ ನಡೆಸುವವರಿಗೆ ವಿಧಾನ ಬೇರೆ. ಅದರ ಕಾರ್ ಪ್ರೊಫೈಲಿನಲ್ಲಿ (ಕಾರಿನ ನಿಯಮಗಳ ಕಡತ) ‘ಟರ್ನ್ ಪೆನಾಲ್ಟಿ’ 7.5 ಇದ್ದು, ತಿರುವು ಕಡಿದಾದಷ್ಟೂ ದಂಡ ಅದರ ಹತ್ತಿರಕ್ಕೆ ಹೋಗುತ್ತದೆ. ಹೆಸರಿನ ಹಂಗಿಲ್ಲ, ಕೋನವಷ್ಟೇ ಮುಖ್ಯ. ಹೆಸರು ತುಂಬಿರದ ನಮ್ಮ ಊರುಗಳಿಗೆ ಇದೇ ಹೊಂದುತ್ತದೆ. ಜೊತೆಗೆ ಎಡಬದಿಯ ಸಂಚಾರವೆಂದು ನಮೂದಿಸಿ. ಆಗ ಎದುರಿನ ವಾಹನಗಳನ್ನು ಕತ್ತರಿಸಿ ಹೋಗಬೇಕಾದ ಬಲ ತಿರುವಿಗೆ ಎಡಕ್ಕಿಂತ ಹೆಚ್ಚು ಬೆಲೆ ಬೀಳುತ್ತದೆ. ವಲ್ಹಲ್ಲಾದಲ್ಲಿ ಪ್ರತಿ ಹುಡುಕಾಟಕ್ಕೂ ಅಂಕಿ ಬದಲಿಸಬಹುದು. ಓಎಸ್‌ಆರ್‌ಎಂನಲ್ಲಿ ಪ್ರೊಫೈಲ್ ತಿದ್ದಿದ ಮೇಲೆ, ನಕ್ಷೆಯ ಕಡತದಿಂದ ರಸ್ತೆಗಳನ್ನು ಹೆಕ್ಕುವ ‘ಎಕ್ಸ್‌ಟ್ರಾಕ್ಟ್’ ಹಂತದಿಂದಲೇ ಮತ್ತೆ ಓಡಿಸಬೇಕು. ಅದನ್ನು ಮರೆತರೆ ಹಳೆಯ ದಾರಿಯೇ ಬರುತ್ತಿರುತ್ತದೆ. ಪ್ರಯೋಗಕ್ಕೆ ಇಡೀ ಭಾರತದ ಕಡತ ಬೇಡ, ಓಪನ್‌ಸ್ಟ್ರೀಟ್‌ಮ್ಯಾಪ್ ಮಾಹಿತಿಯನ್ನು ಪ್ರದೇಶವಾರು ಒದಗಿಸುವ ಜಿಯೋಫ್ಯಾಬ್ರಿಕ್ ತಾಣದ ದಕ್ಷಿಣ ವಲಯದ ಕಡತ ಸಾಕು, ಕರ್ನಾಟಕ ಅದರಲ್ಲಿದೆ.