ಕೊಪ್ಪರಿಗೆಗೂ ಟ್ಯಾಗ್ ಹಾಕಿದೆ, ಲೆಕ್ಕ ಸಿಕ್ಕಿತು

ಬದಿಯಡ್ಕದ ಹತ್ತಿರ ನಮ್ಮದು ಪಾತ್ರೆ, ಕುರ್ಚಿ ಬಾಡಿಗೆಗೆ ಕೊಡುವ ಅಂಗಡಿ. ಮದುವೆ ಸೀಸನ್ ಮುಗಿಯುವಾಗ ಪ್ರತಿ ವರ್ಷ 40 ಸಾವಿರದಷ್ಟು ಮಾಲು ಕಾಣೆ. ಬ್ರಹ್ಮಕಲಶದಂಥ ದೊಡ್ಡ ಕಾರ್ಯಕ್ರಮಕ್ಕೆ ಮೂರು ಅಂಗಡಿಯ ಪಾತ್ರೆ ಬರುತ್ತದೆ, ವಾಪಸ್ ಹೋಗುವಾಗ ಯಾರದ್ದು ಯಾರಿಗೋ. ಆರ್‌ಎಫ್‌ಐಡಿ ಟ್ಯಾಗ್, ಅಂದರೆ ರೀಡರ್ ಯಂತ್ರ ರೇಡಿಯೋ ಅಲೆಯಲ್ಲಿ ದೂರದಿಂದಲೇ ಓದುವ ಗುರುತುಚೀಟಿ, ಹಾಕುತ್ತೇನೆ ಅಂದಾಗ ಭಾವ, "ತಲಪಾಡಿ ಟೋಲಿಗೆ ಸರಿ, ಸೌಟಿಗೆ ಎಂತಕ್ಕೆ ಮಾರಾಯ?" ಅಂದರು. ಫಾಸ್ಟ್ಯಾಗ್‌ನಲ್ಲಿ ಇರುವುದೂ ಇದೇ ಬ್ಯಾಟರಿ ಇಲ್ಲದ ಯುಎಚ್‌ಎಫ್ (ರೇಡಿಯೋ ಅಲೆಯ ಒಂದು ಪಟ್ಟಿ) ಟ್ಯಾಗ್ ಅಲ್ವಾ?

ಮೊದಲು 8-10 ರೂಪಾಯಿಯ ಸ್ಟಿಕ್ಕರ್ ಟ್ಯಾಗ್ 500 ತರಿಸಿದೆ. ಕುರ್ಚಿಯಲ್ಲಿ ಓದಿತು. ಕೊಪ್ಪರಿಗೆಯಲ್ಲಿ ರೀಡರ್ ತಾಗಿಸಿ ಹಿಡಿದರೂ ಸದ್ದಿಲ್ಲ. ಲೋಹಕ್ಕೆ ಆನ್-ಮೆಟಲ್ ಟ್ಯಾಗೇ ಬೇಕು, ಒಂದಕ್ಕೆ ನೂರರ ಆಸುಪಾಸು. ಅದನ್ನು ಗಮ್ ಹಾಕಿ ಅಂಟಿಸಿದ್ದು ಇನ್ನೊಂದು ತಪ್ಪು. ಒಲೆಯ ಬಿಸಿಗೆ ಕೆಲವು ಬಿದ್ದವು, ಬೂದಿ ಹಾಕಿ ತಿಕ್ಕುವಾಗ ಮತ್ತೆ ಕೆಲವು, 30ರಲ್ಲಿ 22 ಹಾಗೇ ಹೋದವು. ಈಗ ಕೈಯ ಹತ್ತಿರ ರಿವೆಟ್ ಹೊಡೆಯುತ್ತೇನೆ. ಸರಿಯಾಗಿ ಎಲ್ಲಿ, ನಡುವೆ ಎಂತ ಇಡುತ್ತೇನೆ ಅಂತ ಹೇಳುವುದಿಲ್ಲ, ಅದು ಎರಡು ಸೀಸನ್‌ನ ದುಡಿಮೆ.

ಕುರ್ಚಿ 20 ಒಂದರ ಮೇಲೊಂದು ಇಟ್ಟರೆ 12-13 ಮಾತ್ರ ಓದುತ್ತಿತ್ತು. ಟ್ಯಾಗ್‌ಗಳು ತೀರಾ ಹತ್ತಿರ ಬಂದರೆ ಒಂದನ್ನೊಂದು ಕೆಡಿಸುತ್ತವೆ. ಒಂದೊಂದು ಕುರ್ಚಿಗೆ ಒಂದೊಂದು ಕಡೆ ಅಂತ ನಾಲ್ಕು ಜಾಗ ಬದಲಿಸಿ ಅಂಟಿಸಿದೆ, ಈಗ 19 ಆದರೂ ಬರುತ್ತದೆ. ರೀಡರ್ ಪವರ್ 30 ಡಿಬಿಎಂ (ಸಿಗ್ನಲ್ ಬಲದ ಅಳತೆ) ಇಟ್ಟರೆ ಗೋಡೌನ್ ಒಳಗಿದ್ದದ್ದೂ ಪಿಕಪ್ ಹತ್ತಿದ ಲೆಕ್ಕಕ್ಕೆ ಸೇರುತ್ತಿತ್ತು. 18ಕ್ಕೆ ಇಳಿಸಿದೆ. ರೀಡರ್ ಕೊಳ್ಳುವಾಗ ನಮ್ಮ ದೇಶದ 865-868 ಮೆಗಾಹರ್ಟ್ಸ್‌ನದ್ದೇ ನೋಡಿ.

ನಡುವೆ ಸುಮ್ನೆ ಅಡಿಕೆ ಚೀಲದೊಳಗೂ ಟ್ಯಾಗ್ ಹಾಕಿ ನೋಡಿದೆ. ಒಣ ಅಡಿಕೆಯಲ್ಲಿ ಎರಡು ಮೀಟರ್‌ನಿಂದ ಓದಿತು, ಹಸಿಯಲ್ಲಿ ಒಂದು ಗೇಣೂ ಇಲ್ಲ. ನೀರು ಸಿಗ್ನಲ್ ಹೀರುತ್ತದೆ. ಅದಕ್ಕೇ ತೊಳೆದ ಪಾತ್ರೆ ನೀರು ಇಳಿದ ಮೇಲೆಯೇ ಎಣಿಸುವುದು.

ಹಳೆಯ ರೀಡರ್ 35 ಸಾವಿರ, ಹಾಳಾದದ್ದೂ ಸೇರಿ ಒಟ್ಟು 70 ಸಾವಿರ ದಾಟಿತು. ಸೌಟಿಗೆ ಹಾಕಿಲ್ಲ, ಗಿಟ್ಟುವುದಿಲ್ಲ. ಟ್ಯಾಗ್ ಇರುವ ಪೆಟ್ಟಿಗೆಯಲ್ಲಿ ತುಂಬಿ ತೂಕ ಮಾಡಿ ಕಳಿಸುತ್ತೇನೆ. ಈ ಸೀಸನ್‌ನಲ್ಲಿ ಹೋದದ್ದು ನಾಲ್ಕೇ ಕುರ್ಚಿ. ಒಂದು ದೊಡ್ಡ ಉರುಳಿ ಬಂದಿರಲಿಲ್ಲ, ಯಾವ ದಿನ ಯಾವ ಗಾಡಿಯಲ್ಲಿ ಹೋಯಿತು ಅಂತ ಮೊಬೈಲ್‌ನಲ್ಲಿ ತೋರಿಸಿದೆ, ಮರುದಿನವೇ ತಂದುಕೊಟ್ಟರು.

ಈಗ ಭಾವ ತಮ್ಮ ಶಾಮಿಯಾನದ ಪೈಪಿಗೂ ಹಾಕಿಕೊಡು ಅನ್ನುತ್ತಿದ್ದಾರೆ. ರಾಶಿ ಹಾಕಿದರೆ ಒಳಗಿನ ಪೈಪ್ ಓದುವುದಿಲ್ಲ. ತುದಿಗೆ ಇಟ್ಟು ನೋಡುತ್ತಿದ್ದೇನೆ, ಹತ್ತರಲ್ಲಿ ಏಳು ಬರುತ್ತಿದೆ.