ಪೆಟ್ಟಿಗೆಯಲ್ಲಿ ಎಷ್ಟು, ಊರಿನಲ್ಲಿ ಎಷ್ಟು?

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ನಮ್ಮದೊಂದು ಅಂಗಡಿ ಇದೆ. ಪಿವಿಸಿ ಪೈಪು, ಮೈಲುತುತ್ತು, ಸುಣ್ಣ, ಗೊಬ್ಬರ, ಸ್ಪ್ರೇಯರ್, ಅಡಿಕೆ ತೋಟಕ್ಕೆ ಬೇಕಾಗುವ ಸಣ್ಣಪುಟ್ಟ ಸಾಮಾನೆಲ್ಲ ಸಿಗುತ್ತದೆ. ಮೂವತ್ತು ವರ್ಷ ಅಪ್ಪ ಲೆಕ್ಕ ಬರೆದರು. 2022ರ ಏಪ್ರಿಲ್‌ನಿಂದ ನಾನು ಬರೆಯುತ್ತಿದ್ದೇನೆ.

ಅಪ್ಪನದು ಎರಡು ಪುಸ್ತಕ. ಒಂದು ನಗದು ಪುಸ್ತಕ, ಎಡಕ್ಕೆ ಜಮೆ, ಬಲಕ್ಕೆ ಖರ್ಚು. ಇನ್ನೊಂದು ಸಾಲದ ಪುಸ್ತಕ. ಅದರಲ್ಲಿ ಒಂದೊಂದು ಮನೆಗೆ ಒಂದೊಂದು ಪುಟ, ಮೇಲೆ ಆಳಿನ ಹೆಸರಲ್ಲ, ಮನೆಯ ಹೆಸರು. ಹಣ ಬಂದ ದಿನ ಆ ಸಾಲಿನ ಮೇಲೆ ಕೆಂಪು ಪೆನ್ಸಿಲಿನಲ್ಲಿ ಒಂದು ಗೆರೆ. ಲಾಭ ನಷ್ಟ ನೋಡುತ್ತಿದ್ದದ್ದು ನಗದು ಪುಸ್ತಕದಲ್ಲಿ ಮಾತ್ರ. ಸಾಲದ ಪುಸ್ತಕ ಇದ್ದದ್ದು ನೆನಪಿಗಾಗಿ.

ಆದರೆ ನಮ್ಮ ವ್ಯಾಪಾರ ನಡೆಯುವುದು ಸಾಲದಲ್ಲೇ. ಕೊಳೆರೋಗ ಬಾರದಿರಲು ಮಳೆ ಹಿಡಿಯುವ ಮೊದಲು ಒಂದು ಸಲ ಬೋರ್ಡೋ ದ್ರಾವಣ ಬಿಡಬೇಕು, ನಲವತ್ತು ನಲವತ್ತೈದು ದಿನ ಕಳೆದು ಇನ್ನೊಂದು ಸಲ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಹಾಗಾಗಿ ಮಾರ್ಚ್‌ನಲ್ಲೇ ನಾವು ಮಾಲು ತರಿಸುತ್ತೇವೆ, ಮೇಯಿಂದ ಜುಲೈವರೆಗೆ ಮಾರುತ್ತೇವೆ. ಹಣ ಬರುವುದು ಅಡಿಕೆ ಕೊಯ್ದು, ಒಣಗಿಸಿ, ಸುಲಿದು, ಮಾರಿದ ಮೇಲೆ. ಧಾರಣೆಗೆ ಕಾಯುವವರ ಹಣ ಇನ್ನೂ ತಡ. “ಹೊಸ ಅಡಿಕೆ ಕೊಟ್ಟ ಕೂಡಲೇ ಕೊಡ್ತೇನೆ ಮಗಳೇ” ಎನ್ನುವ ಮಾತನ್ನು ಜೂನ್‌ನಲ್ಲಿ ದಿನಕ್ಕೆ ಹತ್ತು ಸಲ ಕೇಳುತ್ತೇನೆ. ಹೆಚ್ಚಿನವರು ಕೊಡುತ್ತಾರೆ ಕೂಡ. ಆದರೆ ಮಾರ್ಚ್ 31ಕ್ಕೆ ವರ್ಷದ ಲೆಕ್ಕ ಮುಗಿಯುವಾಗ ಆ ವರ್ಷದ ಮಾರಾಟದ ಹಣ ಪೂರ್ತಿ ಬಂದಿರುವುದಿಲ್ಲ, ಮುಂದಿನ ವರ್ಷದ ಮಾಲಿಗೆ ಮಾತ್ರ ಹಣ ಹೋಗಿರುತ್ತದೆ.

ನನ್ನ ಮೊದಲ ವರ್ಷ, 2022-23ರ ಲೆಕ್ಕ ಹೇಳುತ್ತೇನೆ. ಸುಲಭವಾಗಲೆಂದು ಜಿಎಸ್‌ಟಿ ಬದಿಗಿಟ್ಟಿದ್ದೇನೆ. ಗಿರಾಕಿಗಳಿಂದ ಬಂದದ್ದು 38 ಲಕ್ಷ. ಮಾಲಿಗೆ ಕೊಟ್ಟದ್ದು 36.5 ಲಕ್ಷ. ಸಂಬಳ, ಬಾಡಿಗೆ, ಕರೆಂಟು, ಬಡ್ಡಿ ಎಲ್ಲ ಸೇರಿ 4.5 ಲಕ್ಷ. ನಗದು ಪುಸ್ತಕದ ಪ್ರಕಾರ 3 ಲಕ್ಷ ಕೈಯಿಂದ ಹೋಗಿದೆ. ಅಪ್ಪ ಪುಸ್ತಕ ಮುಚ್ಚಿ, “ಇನ್ನು ಅಂಗಡಿ ನಡೆಸುವುದು ಬೇಡ” ಎಂದರು.

ಅದೇ ವರ್ಷವನ್ನು ನಾನು ಮರ್ಕೆಂಟೈಲ್ ಪದ್ಧತಿಯಲ್ಲಿ ಬರೆದೆ. ಅಕ್ರೂಯಲ್ ಎನ್ನುವುದೂ ಅದನ್ನೇ. ಹಣ ಬರಲಿ ಬಿಡಲಿ, ಬಿಲ್ಲು ಮಾಡಿದ ದಿನ ಮಾರಾಟ. ಹಣ ಕೊಡಲಿ ಬಿಡಲಿ, ಖರ್ಚು ತಗಲಿದ ತಿಂಗಳಿಗೆ ಖರ್ಚು. ಮಾರಾಟ 46 ಲಕ್ಷ. ಖರೀದಿ 42 ಲಕ್ಷ. ವರ್ಷದ ಆರಂಭಕ್ಕೆ ಸ್ಟಾಕು 6 ಲಕ್ಷ, ಕೊನೆಗೆ 9 ಲಕ್ಷ. ಅಂದರೆ ಮಾರಿದ ಮಾಲಿನ ಅಸಲು 39 ಲಕ್ಷ, ಒಟ್ಟು ಲಾಭ 7 ಲಕ್ಷ. ಕೊಟ್ಟ ಖರ್ಚು 4.5 ಲಕ್ಷದ ಜೊತೆಗೆ ಕೊಡಲು ಬಾಕಿ ಇದ್ದ ಮಾರ್ಚ್ ತಿಂಗಳ ಸಂಬಳ ಬಾಡಿಗೆ 30 ಸಾವಿರ, ಗೂಡ್ಸ್ ವಾಹನ ಹಳತಾದದ್ದಕ್ಕೆ ಹಿಡಿಯುವ ಸವಕಳಿ 40 ಸಾವಿರ ಕಳೆದರೆ ಉಳಿಯುವುದು 1.8 ಲಕ್ಷ ಲಾಭ.

ಒಂದೇ ಅಂಗಡಿ, ಒಂದೇ ವರ್ಷ, ಒಂದು ಕಡೆ 3 ಲಕ್ಷ ಕಡಿಮೆ, ಇನ್ನೊಂದು ಕಡೆ 1.8 ಲಕ್ಷ ಹೆಚ್ಚು. ಅಪ್ಪ ಕೇಳಿದ್ದು ಒಂದೇ ಪ್ರಶ್ನೆ: “ಲಾಭ ಆಗಿದ್ದರೆ ಹಣ ಎಲ್ಲಿ?”

ಆ ಪ್ರಶ್ನೆಗೆ ಒಂದೇ ಹಾಳೆಯಲ್ಲಿ ಉತ್ತರ ಬರೆದೆ. ಲಾಭ 1.8. ಸವಕಳಿಗೆ ಈ ವರ್ಷ ಕೈಯಿಂದ ಹಣ ಹೋಗಿಲ್ಲ, ಆ 0.4 ಸೇರಿಸಿದರೆ 2.2. ಊರಿನವರು ನಮಗೆ ಕೊಡಬೇಕಾದ ಸಾಲ 8 ಲಕ್ಷ ಏರಿತು, ಕಳೆಯಿರಿ. ಗೋದಾಮಿನ ಸ್ಟಾಕು 3 ಲಕ್ಷ ಏರಿತು, ಅದನ್ನೂ ಕಳೆಯಿರಿ. ಮಾಲು ಕೊಟ್ಟವರಿಗೆ ನಾವು ಉಳಿಸಿಕೊಂಡ ಬಾಕಿ 5.5 ಲಕ್ಷ, ಕೊಡದ ಖರ್ಚು 0.3, ಎರಡನ್ನೂ ಕೂಡಿಸಿ. ಸರಿಯಾಗಿ ಕಡಿಮೆ 3 ಲಕ್ಷಕ್ಕೆ ಬಂದು ನಿಲ್ಲುತ್ತದೆ. ಅಪ್ಪ ಸಾಲದ ಪುಸ್ತಕ ತಂದು ಗೆರೆ ಬೀಳದ ಪುಟಗಳನ್ನೆಲ್ಲ ಒಂದೊಂದಾಗಿ ಕೂಡಿಸಿದರು. ಸಂಜೆಯವರೆಗೆ ಕೂತರು. ಮೊತ್ತ ತಾಳೆಯಾದ ಮೇಲೆ ಅಂಗಡಿ ಮುಚ್ಚುವ ಮಾತು ಎತ್ತಲಿಲ್ಲ.

ಹಾಗೆಂದು ನಗದು ಲೆಕ್ಕ ಸುಳ್ಳಲ್ಲ. ಅದು ಮೋಸ ಮಾಡುವುದು ಬೇರೆ ಕಡೆ. ಕೆಲವು ವರ್ಷಗಳ ಹಿಂದೆ ಅಡಿಕೆಗೆ ಒಳ್ಳೆಯ ಧಾರಣೆ ಬಂದಾಗ ಹಳೆಯ ಸಾಲವೆಲ್ಲ ಒಟ್ಟಿಗೆ ವಸೂಲಾಯಿತು. ಪೆಟ್ಟಿಗೆ ತುಂಬಿದ್ದು ನೋಡಿ ಅಪ್ಪ ಭಾರೀ ಲಾಭ ಎಂದುಕೊಂಡು ಗೂಡ್ಸ್ ವಾಹನ ತೆಗೆದುಕೊಂಡರು. ಹಳೆಯ ಬಿಲ್ಲುಗಳನ್ನು ಈಗ ತೆಗೆದು ನೋಡಿದರೆ ಆ ವರ್ಷ ಮಾರಾಟ ಇಳಿದಿತ್ತು. ಬಂದದ್ದು ಹಿಂದಿನ ವರ್ಷಗಳ ಲಾಭ.

ಮರ್ಕೆಂಟೈಲ್ ಲೆಕ್ಕಕ್ಕೂ ಅದರದ್ದೇ ಅಪಾಯವಿದೆ. ಎಂದೂ ಬಾರದ ಹಣವನ್ನೂ ಅದು ಲಾಭವೆಂದು ತೋರಿಸುತ್ತದೆ. ಅದಕ್ಕೆ ಬಾಕಿಗಳನ್ನು ವಯಸ್ಸಿನ ಪ್ರಕಾರ ವಿಂಗಡಿಸಬೇಕು. ನಮ್ಮ ಬ್ಯಾಂಕಿನವರು ಸಿಸಿ ಲೋನಿನ, ಅಂದರೆ ಸ್ಟಾಕು ಮತ್ತು ಬಾಕಿ ನೋಡಿ ಕೊಡುವ ಸಾಲದ, ಲೆಕ್ಕದಲ್ಲಿ 90 ದಿನ ದಾಟಿದ ಬಾಕಿಯನ್ನು ಪರಿಗಣಿಸುವುದಿಲ್ಲ. ಅಡಿಕೆಯವರಿಗೆ 90 ದಿನ ಏನೂ ಅಲ್ಲ, ಮರದಲ್ಲಿ ಕಾಯಿ ಹಣ್ಣಾಗಿರುವುದೂ ಇಲ್ಲ. ನಾನು ದಿನ ಎಣಿಸದೆ ಕೊಯ್ಲು ಎಣಿಸುತ್ತೇನೆ. ಒಂದು ಕೊಯ್ಲು ಕಳೆದರೂ ಬಾರದಿದ್ದರೆ ಅಪ್ಪ ಫೋನು ಮಾಡುತ್ತಾರೆ. ಎರಡು ಕಳೆದರೆ ಅರ್ಧಕ್ಕೆ ಪ್ರಾವಿಷನ್ ಹಾಕುತ್ತೇನೆ, ಅಂದರೆ ಅಷ್ಟು ಬಾರದೆಂದು ಈಗಲೇ ಲಾಭದಿಂದ ಕಳೆದಿಡುತ್ತೇನೆ. ತೆರಿಗೆಯ ಲೆಕ್ಕದಲ್ಲಿ ಹಾಗೆ ಬರೀ ಪ್ರಾವಿಷನ್ ಹಾಕಿದ್ದಕ್ಕೆ ರಿಯಾಯಿತಿ ಇಲ್ಲ, ಬಾಕಿಯನ್ನು ಪುಸ್ತಕದಿಂದ ಪೂರ್ತಿ ಹೊಡೆದು ಹಾಕಬೇಕು. ನಗದು ಪದ್ಧತಿಯಲ್ಲಿ ಆ ಪ್ರಶ್ನೆಯೇ ಬರುವುದಿಲ್ಲ, ಬಾರದ ಹಣವನ್ನು ಆದಾಯವೆಂದು ತೋರಿಸಿಯೇ ಇರುವುದಿಲ್ಲವಲ್ಲ.

ಕಾನೂನಿನ ವಿಷಯ ಚಿಕ್ಕದಾಗಿ ಹೇಳುತ್ತೇನೆ. ಕಂಪನಿಯಾದರೆ 2013ರ ಕಂಪನಿ ಕಾಯ್ದೆಯ ಪ್ರಕಾರ ಅಕ್ರೂಯಲ್ ಕಡ್ಡಾಯ. ನಾನು ರಿಟರ್ನ್ ಹಾಕಿದ್ದು 1961ರ ಆದಾಯ ತೆರಿಗೆ ಕಾಯ್ದೆಯಡಿ. ಅದರ 145ನೇ ಸೆಕ್ಷನ್ ನಮ್ಮಂತಹ ಸ್ವಂತ ವ್ಯಾಪಾರಕ್ಕೆ ಎರಡರಲ್ಲಿ ಯಾವುದನ್ನೂ ಒಪ್ಪುತ್ತಿತ್ತು, ಆದರೆ ಹಿಡಿದದ್ದನ್ನು ವರ್ಷ ವರ್ಷವೂ ಬಿಡದೆ ಹಿಡಿದಿರಬೇಕಿತ್ತು. ಜಿಎಸ್‌ಟಿ ಮಾತ್ರ ಯಾರ ಪದ್ಧತಿಯನ್ನೂ ಕೇಳುವುದಿಲ್ಲ. ಜೂನ್‌ನಲ್ಲಿ ಒಂದು ಲಕ್ಷದ ಪೈಪಿಗೆ ಬಿಲ್ಲು ಮಾಡಿದರೆ 18 ಸಾವಿರ ತೆರಿಗೆ ಜೂನ್‌ನ ಲೆಕ್ಕಕ್ಕೇ ಸೇರುತ್ತದೆ. ಮಂಗಳೂರಿನಿಂದ ತಲಪಾಡಿಯ ರಾಜ್ಯ ಗಡಿ ದಾಟಿ ಬಂದ ಮಾಲಿಗೆ ನಾವು ಕೊಟ್ಟ ಐಜಿಎಸ್‌ಟಿ (ಹೊರರಾಜ್ಯದ ಖರೀದಿಯ ಜಿಎಸ್‌ಟಿ) ಕಳೆದು ಉಳಿದದ್ದನ್ನು ಜುಲೈಯಲ್ಲಿ ಕಟ್ಟಬೇಕು, ಗಿರಾಕಿ ಜನವರಿಯಲ್ಲಿ ಕೊಟ್ಟರೂ ಸರಿಯೇ. ಆ ಮಾಲು ಕೊಟ್ಟವರಿಗೆ 180 ದಿನದೊಳಗೆ ಹಣ ಕೊಡದಿದ್ದರೆ ಹಾಗೆ ತೆರಿಗೆಯಲ್ಲಿ ಕಳೆದು ಪಡೆದ ಕ್ರೆಡಿಟ್ಟನ್ನು ವಾಪಸು ಕಟ್ಟಬೇಕು. ನಾನು ಮರ್ಕೆಂಟೈಲ್ ಆರಿಸಲು ಇದೂ ಒಂದು ಕಾರಣ. ಎರಡು ಇಲಾಖೆಗೆ ಎರಡು ಬೇರೆ ಮಾರಾಟದ ಮೊತ್ತ ತೋರಿಸಿ ವಿವರಣೆ ಕೊಡುತ್ತಾ ಕೂರುವುದು ನನಗೆ ಬೇಡವಾಗಿತ್ತು.

ಲೆಕ್ಕದ ಸಾಫ್ಟ್‌ವೇರ್ ಟ್ಯಾಲಿಯಲ್ಲಿ ಈಗ ಎಲ್ಲವೂ ಬಿಲ್ಲಿನ ದಿನಕ್ಕೇ ಏರುತ್ತದೆ. ಅಪ್ಪನ ನಗದು ಪುಸ್ತಕವನ್ನೂ ನಿಲ್ಲಿಸಿಲ್ಲ, ಅದನ್ನು ಅವರೇ ಬರೆಯುತ್ತಾರೆ. ಎರಡನ್ನೂ ಜೋಡಿಸುವ ಆ ಒಂದು ಹಾಳೆಯನ್ನು ಪ್ರತಿ ತಿಂಗಳ ಕೊನೆಗೆ ನಾನು ಮಾಡುತ್ತೇನೆ. ಅಂಗಡಿ ಬಾಗಿಲು ಎಳೆಯುವ ಮೊದಲು ಅಪ್ಪ, “ಪೆಟ್ಟಿಗೆಯಲ್ಲಿ ಎಷ್ಟು, ಊರಿನಲ್ಲಿ ಎಷ್ಟು?” ಎಂದು ಕೇಳುತ್ತಾರೆ. ಕಳೆದ ಮಾರ್ಚ್‌ನಲ್ಲಿ ಊರಿನಲ್ಲಿದ್ದದ್ದು ಹೆಚ್ಚಾಗಿತ್ತು. ಮೈಲುತುತ್ತನ್ನು ಒಂದೇ ಲೋಡಿನಲ್ಲಿ ತರಿಸದೆ ಅರ್ಧ ಈಗ, ಅರ್ಧ ಮೇ ಕೊನೆಗೆ ಎಂದು ಆರ್ಡರ್ ಬರೆದೆವು.