ಅಪ್ಪ-ಅಮ್ಮನಿಗೆ ಗ್ರೀನ್ ಕಾರ್ಡ್: ಮೊದಲು ಊರಿನ ದಾಖಲೆ ಸರಿಪಡಿಸಿ

ಅಮೆರಿಕದಲ್ಲಿ ನೆಲೆಸಿದವರು ಹೆತ್ತವರನ್ನು ಕಾಯಂ ಆಗಿ ಕರೆಸಿಕೊಳ್ಳಬೇಕಾದರೆ ತಾವು ಅಲ್ಲಿನ ಪೌರರಾಗಿರಬೇಕು, 21 ವರ್ಷ ತುಂಬಿರಬೇಕು. ಬರೀ ಗ್ರೀನ್ ಕಾರ್ಡ್ (ಕಾಯಂ ವಾಸದ ಅನುಮತಿ) ಇದ್ದವರಿಗೆ ಈ ಅವಕಾಶವಿಲ್ಲ. ಪೌರರ ತಂದೆ-ತಾಯಿಯ ವೀಸಾಗೆ ವಾರ್ಷಿಕ ಮಿತಿ ಇಲ್ಲದಿರುವುದರಿಂದ, ಒಡಹುಟ್ಟಿದವರಿಗೆ ಅರ್ಜಿ ಹಾಕಿ ಹದಿನೈದು ವರ್ಷಕ್ಕೂ ಹೆಚ್ಚು ಕಾಯುವವರ ಪಾಡು ಇಲ್ಲಿಲ್ಲ.

ಅರ್ಜಿ ತಡವಾಗುವುದು ಹೆಚ್ಚಾಗಿ ನಮ್ಮ ಕಾಗದಪತ್ರಗಳಿಂದಲೇ. ತಾಯಿಗೆ ಅರ್ಜಿ ಹಾಕಲು ನಿಮ್ಮ ಜನನ ಪ್ರಮಾಣಪತ್ರ ಬೇಕು. ತಂದೆಗೆ ಅದರ ಜೊತೆಗೆ ಹೆತ್ತವರ ವಿವಾಹ ಪ್ರಮಾಣಪತ್ರವೂ ಬೇಕು. ಹಳೆಯ ಜನನ ಪತ್ರಗಳಲ್ಲಿ ಎಷ್ಟೋ ಬಾರಿ ಮಗುವಿನ ಹೆಸರಿನ ಜಾಗ ಖಾಲಿಯೇ ಇರುತ್ತದೆ. ಹಾಗಿದ್ದರೆ ಹೆಸರು ಸೇರಿಸಲು ಅವಕಾಶವಿದೆಯೇ ಎಂದು ಜನನ-ಮರಣ ನೋಂದಣಾಧಿಕಾರಿಯನ್ನು ವಿಚಾರಿಸಿ. ಜನನ ನೋಂದಣಿಯೇ ಆಗಿಲ್ಲದಿದ್ದರೆ ‘ಅಲಭ್ಯತಾ ಪ್ರಮಾಣಪತ್ರ’ ಪಡೆದು, ಶಾಲಾ ದಾಖಲೆ ಮತ್ತು ನಿಮ್ಮ ಜನನದ ಬಗ್ಗೆ ತಿಳಿದ ಹಿರಿಯರ ಅಫಿಡವಿಟ್‌ಗಳನ್ನು ಜೊತೆಗಿಡಿ. ಇನ್ನು ಹೆಸರಿನ ಗೊಂದಲ. ನಿಮ್ಮ ಜನನ ಪತ್ರದಲ್ಲಿ ‘ಸಾವಿತ್ರಮ್ಮ’ ಎಂದಿರುವ ಅಮ್ಮ ಪಾಸ್‌ಪೋರ್ಟಿನಲ್ಲಿ ‘ಸಾವಿತ್ರಿ ರಾಮಚಂದ್ರ’ ಆಗಿರಬಹುದು. ಅಪ್ಪನ ಇನಿಷಿಯಲ್ಲುಗಳು ಅಲ್ಲಿ ಊರಿನ ಹೆಸರು, ತಾತನ ಹೆಸರಾಗಿ ಬಿಡಿಸಿಕೊಂಡಿರಬಹುದು. ಎರಡೂ ಹೆಸರು ಒಬ್ಬರದೇ ಎಂಬುದಕ್ಕೆ ನೋಟರಿ ಮುಂದೆ ಅಫಿಡವಿಟ್ ಮಾಡಿಸಿ, ಆಧಾರವಾಗಿ ಹಳೆಯ ದಾಖಲೆ ಲಗತ್ತಿಸಿ. ಮದುವೆ ನೋಂದಣಿಯಾಗಿರದಿದ್ದರೆ ಉಪನೋಂದಣಾಧಿಕಾರಿ ಕಚೇರಿಯಲ್ಲಿ ಈಗಲೂ ಮಾಡಿಸಬಹುದು. ಲಗ್ನಪತ್ರಿಕೆ, ಮದುವೆಯ ಫೋಟೊ ಹುಡುಕಿಡಿ. ಕನ್ನಡದ ದಾಖಲೆಗೆ ಇಂಗ್ಲಿಷ್ ಅನುವಾದವೂ, ಅನುವಾದಕರ ದೃಢೀಕರಣವೂ ಇರಬೇಕು.

ಆಮೇಲೆ, ಹೆತ್ತವರೊಂದಿಗಿನ ಸಂಬಂಧ ತೋರಿಸಿ ಅಮೆರಿಕದ ವಲಸೆ ಇಲಾಖೆಗೆ ಸಲ್ಲಿಸುವ ಐ-130 ಅರ್ಜಿ. ತಂದೆಗೊಂದು, ತಾಯಿಗೊಂದು, ಒಬ್ಬರ ಅರ್ಜಿಯಲ್ಲಿ ಇನ್ನೊಬ್ಬರು ಸೇರುವುದಿಲ್ಲ. 2024ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ ದರದಂತೆ ಆನ್‌ಲೈನ್ ಶುಲ್ಕ ತಲಾ 625 ಡಾಲರ್. ಪಾವತಿಗೆ ಮುನ್ನ ಇಲಾಖೆಯ ಜಾಲತಾಣದಲ್ಲಿ ಮತ್ತೆ ನೋಡಿಕೊಳ್ಳಿ. ಮಂಜೂರಾದ ಬಳಿಕ ಕಡತ, ಸಂದರ್ಶನಕ್ಕೆ ಮುಂಚೆ ದಾಖಲೆಗಳನ್ನು ಪರಿಶೀಲಿಸುವ ನ್ಯಾಷನಲ್ ವೀಸಾ ಸೆಂಟರ್‌ಗೆ ಹೋಗುತ್ತದೆ. ಅಲ್ಲಿ ಡಿಎಸ್-260 (ವಲಸೆ ವೀಸಾದ ಆನ್‌ಲೈನ್ ಅರ್ಜಿ) ತುಂಬಬೇಕು, ಪಾಸ್‌ಪೋರ್ಟ್ ಸೇವಾ ಕೇಂದ್ರದ ಮೂಲಕ ಪಡೆದ ಪೊಲೀಸ್ ಕ್ಲಿಯರೆನ್ಸ್ ಸೇರಿಸಬೇಕು.

ಹೆತ್ತವರ ಜೀವನ ನಿರ್ವಹಣೆಯ ಹೊಣೆ ಹೊರುವ ಐ-864 ಪತ್ರಕ್ಕೆ ಸಹಿ ಹಾಕುವ ಮುನ್ನ ಪೂರ್ತಿ ಓದಿ. ನಿಮ್ಮ ಆದಾಯ ಅಲ್ಲಿನ ಬಡತನ ರೇಖೆಯ ಶೇ 125ರಷ್ಟಾದರೂ ಇರಬೇಕು. ಕಡಿಮೆ ಬಿದ್ದರೆ ಇನ್ನೊಬ್ಬ ಅರ್ಹರು ಜಂಟಿ ಪ್ರಾಯೋಜಕರಾಗಬಹುದು. ಕಾಗದಕ್ಕಷ್ಟೇ ಸೀಮಿತವಾದ ಸಹಿ ಇದಲ್ಲ, ಕಾನೂನಿನ ಹೊಣೆ. ಹೆತ್ತವರು ಅಮೆರಿಕದ ಪೌರರಾದರೆ ನಿಮ್ಮ ಮೇಲಿನ ಹೊಣೆ ಮುಗಿಯುತ್ತದೆ, ಆದರೆ ಅದಕ್ಕೆ ವರ್ಷಗಳು ಬೇಕು.

ವೈದ್ಯಕೀಯ ತಪಾಸಣೆ ದೂತಾವಾಸ ಗೊತ್ತುಪಡಿಸಿದ ವೈದ್ಯರಲ್ಲೇ ಆಗಬೇಕು. ಸಂದರ್ಶನ ಸಾಮಾನ್ಯವಾಗಿ ಮುಂಬೈಯಲ್ಲಿ. ಮೂಲ ದಾಖಲೆಗಳನ್ನೆಲ್ಲ ಹೆತ್ತವರ ಕೈಯಲ್ಲೇ ಕಳುಹಿಸಿ.

ಗ್ರೀನ್ ಕಾರ್ಡ್ ಇರುವುದು ಅಲ್ಲಿ ವಾಸಿಸುವವರಿಗೆ. ವರ್ಷಕ್ಕೂ ಮೀರಿ ಊರಿನಲ್ಲಿ ಉಳಿದರೆ ಕಾರ್ಡನ್ನೇ ಕಳೆದುಕೊಳ್ಳುವ ಅಪಾಯವಿದೆ. ಮನೆ, ತೋಟ ಬಿಟ್ಟಿರಲಾರದ ಹಿರಿಯರಿಗೆ ಬಂದು ಹೋಗುವ ಸಂದರ್ಶಕ ವೀಸಾವೇ ನೆಮ್ಮದಿ. ಐ-130 ಸಲ್ಲಿಸಿದ ಮೇಲೆ ಆ ವೀಸಾ ಸಿಗುವುದೂ ಕಷ್ಟವಾಗಬಹುದು. ಹಾಗಾಗಿ ಅರ್ಜಿ ತುಂಬುವ ಮೊದಲೇ ಅಪ್ಪ-ಅಮ್ಮನನ್ನು ಕೂರಿಸಿಕೊಂಡು, ಅವರಿಗೆ ಬರಲು ಮನಸ್ಸಿದೆಯೇ ಎಂದು ಕೇಳಿ.